ಜಲಪಾತ ಸ್ಟಾಪ್

ನಗರಸಭೆಯ ದೂರು ವಿಭಾಗದಲ್ಲಿ ಫೋನ್ ಎತ್ತುವ ಹುಡುಗಿಯರು ಹೊಸದಾಗಿ ಸೇರಿದವರಿಗೆ ಕಲಿಸುತ್ತಿದ್ದ ಮೊದಲ ಪಾಠ ಇದು: "ಹಳೇ ನಗರಸಭೆ ಮನೆಗಳಿಂದ ಒಬ್ಬಾಕೆ ಫೋನ್ ಮಾಡ್ತಾರೆ. ರಿಸೀವರನ್ನ ಕಿವಿಯಿಂದ ಒಂದು ಗೇಣು ದೂರ ಇಟ್ಕೋ. ಅವರು ಉಸಿರು ತಗೊಳ್ಳೋವಾಗ 'ಆಯ್ತಮ್ಮ' ಅನ್ನು. ಬೇರೆ ಹೊತ್ತಲ್ಲಿ ಅಂದ್ರೆ ಅವರಿಗೆ ಕೇಳಿಸಲ್ಲ."

ಆ ಒಬ್ಬಾಕೆಯನ್ನು ಅವಳ ಕಟ್ಟಡದವರು ಫೋನಕ್ಕ ಎನ್ನುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಈ ತೂತಿನಿಂದ ಆ ತೂತಿಗೆ ಪೋಣಿಸಿ, ಕೊನೆಗೆ ಯಂತ್ರ ಬಂದು 'ಇನ್ನು ನೀನು ಏಳಮ್ಮ' ಅಂದಾಗ ಎದ್ದು ಬಂದವಳು. ಅವಳಿಗೆ ಪಿಂಚಣಿ ಬರುತ್ತಿತ್ತು. ಅವಳ ದನಿ ಮಾತ್ರ ಇನ್ನೂ ಸರ್ವೀಸಿನಲ್ಲೇ ಇತ್ತು.

ಕಟ್ಟಡವೆಂದರೆ ನಗರಸಭೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ನಾಲ್ಕು ಮಹಡಿಯ ಒಂದು ಪೆಟ್ಟಿಗೆ. ಉದ್ಘಾಟನೆಗೆ ಬಂದ ಗಣ್ಯರು ಅದನ್ನು ಮಾದರಿ ವಸತಿ ಎಂದಿದ್ದರು. ಯಾವುದರ ಮಾದರಿ ಎಂದು ಆಗ ಯಾರೂ ಕೇಳಲಿಲ್ಲ. ಈಗ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಮನೆಗಾಗಿ ವರ್ಷಗಟ್ಟಲೆ ಕಾದವರು ಕೂಡ ಹಂಚಿಕೆಯಾದ ದಿನ ಬಂದು, ಮೆಟ್ಟಿಲಿನ ಬುಡದಲ್ಲಿ ನಿಂತು ಮೇಲೆ ನೋಡಿ, 'ಇನ್ನೊಂದು ವರ್ಷ ಕಾಯ್ತೀವಿ ಬಿಡಿ' ಎಂದು ಹೋಗಿಬಿಡುತ್ತಿದ್ದರು. ಉಳಿದವರು ಎಲ್ಲಿಗೂ ಹೋಗಲಾಗದವರು ಅಥವಾ ಹೋಗುವ ಮನಸ್ಸಿಲ್ಲದವರು. ಅವರ ಮನೆಯ ನಲ್ಲಿ, ಗೋಡೆ, ಬಲ್ಬು ಏನೇ ಕೆಟ್ಟರೂ ಫೋನಕ್ಕನ ಬಾಗಿಲಿಗೆ ಬರುತ್ತಿದ್ದರು.

ದೂರು ಹೇಳುವುದಕ್ಕೆ ಅವಳದೇ ಒಂದು ಶಾಸ್ತ್ರವಿತ್ತು. "ಬೆಟ್ಟ ಕೇಳಿದ್ರೆ ಅವರು ಗುಡ್ಡ ಕೊಡ್ತಾರೆ. ಗುಡ್ಡ ಕೇಳಿದ್ರೆ ಕಲ್ಲೂ ಕೊಡಲ್ಲ" ಎನ್ನುವಳು. ಹಾಗಾಗಿ ಎರಡನೇ ಮಹಡಿಯ ಪ್ಲಂಬರನ ಗೋಡೆಯಲ್ಲಿ ಅಂಗೈಯಷ್ಟು ತೇವ ಕಂಡರೆ, ಅದು ಫೋನಿನಲ್ಲಿ ಹೊರಡುವ ಹೊತ್ತಿಗೆ ಗೋಡೆ ಹಗಲೂ ರಾತ್ರಿ ಕಣ್ಣೀರು ಸುರಿಸುತ್ತಿರುತ್ತಿತ್ತು, ಮಕ್ಕಳು ಕೆಮ್ಮಿ ಕೆಮ್ಮಿ ಮೂಳೆಗೂಡಾಗಿರುತ್ತಿದ್ದರು. ಪ್ಲಂಬರನಿಗೆ ಮಕ್ಕಳೇ ಇರಲಿಲ್ಲ.

"ಅಕ್ಕ, ನನಗೆ ಮಕ್ಕಳಾಗಿದ್ದು ನನಗಿಂತ ಮುಂಚೆ ನಗರಸಭೆಗೆ ಗೊತ್ತಾಯ್ತಲ್ಲ" ಎಂದ ಅವನು.

"ಸುಮ್ನಿರೋ. ಸುಣ್ಣ ಬೇಕಾ, ಸತ್ಯ ಬೇಕಾ?"

ಸುಣ್ಣವೇ ಬಂತು. ಹತ್ತರಲ್ಲಿ ಒಂದಾದರೂ ಬರುತ್ತಿತ್ತು. ಪ್ಲಂಬರೇ ಇರುವ ಕಟ್ಟಡದಲ್ಲಿ ಪೈಪು ಸೋರಿದರೆ ನಗರಸಭೆಯನ್ನು ಯಾಕೆ ಕರೆಯಬೇಕು ಎಂದು ನೀವು ಕೇಳಬಹುದು. ಅಲ್ಲಿನವರು ಅದನ್ನು ಕೇಳಿಕೊಂಡಿರಲಿಲ್ಲ. ಪೈಪು ನಗರಸಭೆಯದು, ಸೋರಿಕೆಯೂ ನಗರಸಭೆಯದು. ತಮ್ಮ ಕೈಯಿಂದ ರಿಪೇರಿ ಮಾಡಿಬಿಟ್ಟರೆ ಸೋತಂತೆ ಎಂಬುದು ಕಟ್ಟಡದ ಅಲಿಖಿತ ನ್ಯಾಯ. ಹಾಗಾಗಿ ಎರಡನೇ ಮಹಡಿಯ ತಿರುವಿನಲ್ಲಿ ಪೈಪು ಸೋರಿತು, ಕೆಳಗೊಂದು ಬಕೆಟ್ಟು ಬಂತು, ಬಕೆಟ್ಟು ತುಂಬಿದಾಗ ಕಂಡವರು ಚೆಲ್ಲಿದರು, ಹೀಗೇ ಕಾಲ ಹೋಯಿತು.

ಫೋನಕ್ಕನ ಗಂಡ ಸಿಟಿ ಬಸ್ಸಿನ ಡ್ರೈವರಾಗಿದ್ದವನು. ಸಕ್ಕರೆ ಕಾಯಿಲೆ ಮೊದಲು ಅವನ ಲೈಸೆನ್ಸು ತಿಂದಿತು, ಆಮೇಲೆ ಕಣ್ಣು. ಪೂರ್ತಿ ಕತ್ತಲಾದ ಮೇಲೂ ಕೋಲು ಹಿಡಿಯಲಿಲ್ಲ. ದಿನಾ ಬೆಳಿಗ್ಗೆ ಮೂರನೇ ಮಹಡಿಯ ಬಾಗಿಲು ತಾನೇ ತೆಗೆದು, ಮೆಟ್ಟಿಲಿಳಿದು, ಅಂಗಳದ ಕಲ್ಲುಬೆಂಚಿಗೆ ಹೋಗಿ ಕೂರುವನು. ಇಳಿಯುವಾಗ ಡ್ರೈವರಿಕೆಯ ಜೊತೆ ಕಂಡಕ್ಟರಿಕೆಯನ್ನೂ ತಾನೇ ಮಾಡುವನು. ಬಾಗಿಲಾಚೆಯ ಸಡಿಲ ಹಾಸುಗಲ್ಲು ಕಾಲಡಿ 'ಕಟಕ್' ಅಂದರೆ, "ಮನೆ ಸ್ಟಾಪ್. ಹೋಗ್ಲಿ, ರೈಟ್!" ಕೈಗಂಬಿ ಅಲುಗಾಡುವಲ್ಲಿ, "ತೂಗುಸೇತುವೆ. ಒಬ್ಬೊಬ್ಬರೇ ಬನ್ನಿ." ಬಕೆಟ್ಟಿಗೆ ಹನಿ ಬೀಳುವ ತಿರುವಿನಲ್ಲಿ, "ಜಲಪಾತ! ಜಲಪಾತದೋರು ಇಳ್ಕೊಳ್ಳಿ!" ಆಗ ಪ್ಲಂಬರನ ಹೆಂಡತಿ ಒಳಗಿಂದ, "ಅಣ್ಣಾ, ಬಸ್ಸು ಇವತ್ತು ಲೇಟು!" ಎಂದು ಕೂಗುವಳು. ಕೊನೆಗೆ ಗಂಟಲು ಕಟ್ಟಿದ ಬೆಕ್ಕಿನಂತೆ ಕಿರುಗುಟ್ಟುವ ಕಬ್ಬಿಣದ ಗೇಟು: ಅದು ಕೊನೇ ಸ್ಟಾಪ್.

ಫೋನಕ್ಕ ಇದನ್ನು ಕೇಳಿ ನಗುತ್ತಿದ್ದಳು. ಕುದುರೆ ಸತ್ತರೂ ಸವಾರಿಯ ಚಟ ಹೋಗದು ಎಂದುಕೊಂಡಿದ್ದಳು. ತಮಾಷೆ ಎಂದುಕೊಂಡಿದ್ದಳು.

ಆ ಭಾನುವಾರ ವಾರ್ಡಿನ ಸದಸ್ಯೆ ಅಂಗಳಕ್ಕೆ ಬಂದರು. ಮೈಕೇ ಬೇಕಿಲ್ಲದಷ್ಟು ಕಡಿಮೆ ಜನಕ್ಕೆ ಮೈಕು ಹಿಡಿದು, "ನಿಮ್ಮ ನೋವು ನಮಗೆ ಮುಟ್ಟಿದೆ" ಎಂದು ಶುರುಮಾಡಿದರು. ಈ ಕಟ್ಟಡ ಯಾರಿಗೂ ಬೇಡವಾಗಿದೆ, ಹಂಚಿದರೂ ಯಾರೂ ಬರುತ್ತಿಲ್ಲ, ಇರುವವರಂತೂ ದಿನಾ ಶಾಪ ಹಾಕುತ್ತಿದ್ದಾರೆ. ಆದ್ದರಿಂದ ಇದನ್ನು ಕೆಡವಿ ಎಲ್ಲರಿಗೂ ಊರಾಚೆಯ ಹೊಸ ಕಟ್ಟಡದಲ್ಲಿ ಮನೆ ಕೊಡುವುದೆಂದು ನಗರಸಭೆ ನಿರ್ಣಯಿಸಿದೆ ಎಂದರು. ಮೊದಲ ಮಹಡಿಯ ನರ್ಸ್, "ಶಾಪ ಯಾರು ಹಾಕಿದ್ದು?" ಎಂದಳು.

ಸದಸ್ಯೆ ಇದಕ್ಕೇ ಕಾದಿದ್ದವರಂತೆ ತಮ್ಮ ಮೊಬೈಲನ್ನು ಮೈಕಿನ ಬಾಯಿಗೆ ಹಿಡಿದರು. ದೂರಿನ ಕರೆಗಳನ್ನೆಲ್ಲ ನಗರಸಭೆ ರೆಕಾರ್ಡ್ ಮಾಡಿಕೊಳ್ಳುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಅದನ್ನು ಯಾರಾದರೂ ಕೇಳುತ್ತಾರೆಂದು ಯಾರೂ ನಂಬಿರಲಿಲ್ಲ. ಅಂಗಳದ ತುಂಬ ಫೋನಕ್ಕನ ದನಿ ಮೊಳಗಿತು.

"ಮನುಷ್ಯರಿರೋ ಜಾಗಾನೇನ್ರೀ ಇದು? ನಾಯಿ ಕೂಡ ಇಲ್ಲಿ ಮಲಗಕ್ಕೆ ಯೋಚನೆ ಮಾಡುತ್ತೆ! ನಿಮಗೆ ಒಂಚೂರು ಕರುಣೆ ಇದ್ರೆ ಇದನ್ನ ಒಡೆದು ಹಾಕಿ, ಪುಣ್ಯ ಬರುತ್ತೆ!"

ಎಲ್ಲರ ಕತ್ತೂ ಒಟ್ಟಿಗೆ ತಿರುಗಿತು. ಫೋನಕ್ಕ ತನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಒಳ್ಳೇ ದನಿ ಎಂದು ಒಂದು ಗಳಿಗೆ ಅನಿಸಿತು ಕೂಡ.

"ಅದು... ಅದು ಬಲ್ಬಿಗೆ ಹೇಳಿದ್ದು" ಎಂದಳು. "ಮೆಟ್ಟಿಲಿನ ಬಲ್ಬು ಹೋಗಿತ್ತು."

"ಬಲ್ಬಿಗೆ ಇಷ್ಟಾದ್ರೆ, ಚಾವಣಿ ಬಿದ್ದಿದ್ರೆ ಏನಂತಿದ್ಯೋ ಅಕ್ಕ" ಎಂದ ಪ್ಲಂಬರ್. "ನೋಡು, ಇಷ್ಟು ವರ್ಷದಲ್ಲಿ ನೀನು ಕೇಳಿದ್ದು ಪೂರ್ತಿ ಸಿಕ್ಕಿದ್ದು ಇದೊಂದೇ."

ಸದಸ್ಯೆ ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದರು: ಕೊನೆಯದಾಗಿ ಮತಕ್ಕೆ ಹಾಕುವ ಮುಂಚೆ ನಗರಸಭೆಯ ಸಮಿತಿ ಬಂದು ಕಟ್ಟಡವನ್ನು ಕಣ್ಣಾರೆ ನೋಡುತ್ತದೆ. ಅವರಿಗೆ ಇದು ವಾಸಕ್ಕೆ ಯೋಗ್ಯ ಎನಿಸಿದರೆ ನಿರ್ಣಯ ಬದಲಾಗಲೂಬಹುದು. "ಆದ್ರೆ ಯಾಕೆ ಬದಲಾಗ್ಬೇಕು, ಅಲ್ವಾ?" ಎಂದು ಫೋನಕ್ಕನ ಕಡೆ ನೋಡಿ ಪ್ರೀತಿಯಿಂದ ನಕ್ಕರು.

ಮನೆಯಲ್ಲಿ ಗಂಡ ಚಹಾ ಮಾಡಿಟ್ಟಿದ್ದ. ಡಬ್ಬಿ, ಚಮಚ, ಕಡ್ಡಿಪೆಟ್ಟಿಗೆ ಎಲ್ಲವೂ ಅವನ ಬೆರಳಿಗೆ ಗೊತ್ತಿದ್ದ ಜಾಗದಲ್ಲೇ ಇರುತ್ತಿದ್ದವು. ಒಂದು ತೊಟ್ಟೂ ಚೆಲ್ಲದೆ ಲೋಟ ತುಂಬಿಸಿ ಅವಳ ಕಡೆ ನೂಕಿದ.

"ಮೈಕಲ್ಲಿ ನಿನ್ನ ಪ್ರೋಗ್ರಾಂ ಬಂತು. ಕೇಳ್ದೆ" ಎಂದ.

"ನಗ್ಬೇಡಿ ರೀ."

"ಹೋದ್ರೆ ಹೋಗ್ಲಿ ಬಿಡೇ. ಎಲ್ಲಿದ್ರೂ ಕತ್ತಲೇ ತಾನೆ ನಂಗೆ."

ಅವನು ಹಗುರವಾಗಿಯೇ ಅಂದ. ಆದರೆ ಫೋನಕ್ಕನಿಗೆ ಅವಳ ತಂಗಿಯ ಮಗಳ ಮನೆ ನೆನಪಾಯಿತು. ಹಿಂದೊಮ್ಮೆ ನೀರಿನ ಟ್ಯಾಂಕು ಒಡೆದಾಗ ಸ್ವಲ್ಪ ದಿನ ಅಲ್ಲಿದ್ದರು. ಒಳ್ಳೇ ಹುಡುಗಿ, ದೊಡ್ಡ ಮನೆ. ಮೊದಲ ದಿನ ಇವನು ಎದ್ದು ಓಡಾಡಲು ನೋಡಿದ. ಗಾಜಿನ ಮೇಜಿಗೆ ಮೊಣಕಾಲು ಹೊಡೆಸಿಕೊಂಡ, ಬಚ್ಚಲೆಂದು ಬೀರುವಿನ ಬಾಗಿಲು ತೆಗೆದ. ಎಲ್ಲರೂ 'ಪರವಾಗಿಲ್ಲ ದೊಡ್ಡಪ್ಪ' ಅಂದರು. ಅಂದ ಮೇಲೆ ಅವನು ಕುರ್ಚಿಯಲ್ಲಿ ಕೂತುಬಿಟ್ಟ. ನೀರು ಬೇಕಾದರೂ ಕೇಳಲಿಲ್ಲ, ಏಳಬೇಕಾದರೂ ಹೇಳಲಿಲ್ಲ. ಅವಳು ಬಂದು ಕೈ ಹಿಡಿಯುವ ತನಕ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಮರ್ಯಾದಸ್ಥ ನೆಂಟನಂತೆ ಕೂತಿದ್ದ. "ಇವರ ಮನೇಲಿ ಹಾಗೆಲ್ಲ ಓಡಾಡಬಾರದು" ಎಂದು ಪಿಸುಗುಟ್ಟಿದ್ದ. ವಾಪಸ್ಸು ಬಂದ ದಿನ ಗೇಟು ಕಿರುಗುಟ್ಟಿದ್ದೇ ತಡ, ಅವಳ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿದವನು ಅವಳಿಗಿಂತ ಮುಂಚೆ ಮನೆ ಸೇರಿದ್ದ.

ಊರಾಚೆಯ ಮನೆಯಲ್ಲಿ ಆ ಕುರ್ಚಿ ಅವನಿಗಾಗಿ ಕಾದಿದೆ ಎಂದು ಅವಳಿಗೆ ಖಾತ್ರಿಯಾಯಿತು. ಆ ಕುರ್ಚಿಯನ್ನು ತಾನೇ ಬಾಯಾರೆ ಕರೆದು ತರಿಸಿದ್ದೂ ಖಾತ್ರಿಯಾಯಿತು.

ಮಾರನೇ ದಿನದಿಂದ ಫೋನಕ್ಕ ಬಾಗಿಲು ಬಾಗಿಲು ತಟ್ಟಿದಳು. ನರ್ಸಿಗೆ ಬಸ್‌ಸ್ಟ್ಯಾಂಡ್ ಹತ್ತಿರವಾಗಿರುವುದೇ ಬೇಕಿತ್ತು; ಪ್ಲಂಬರನ ಗಿರಾಕಿಗಳೆಲ್ಲ ಇದೇ ಸುತ್ತಿನಲ್ಲಿದ್ದರು. ಯಾರೂ ಹೋಗಲು ಕುಣಿಯುತ್ತಿರಲಿಲ್ಲ. "ಇಷ್ಟು ದಿನ ಇದು ನರಕ ಅಂತ ಸಾಧಿಸಿದ್ದಾಯ್ತು. ಇನ್ನು ಸ್ವರ್ಗ ಅಂತ ತೋರಿಸ್ಬೇಕು. ಸಮಿತಿಯೋರು ಬರೋದ್ರೊಳಗೆ ಒಂದು ಕಲ್ಲು ಅಲ್ಲಾಡಬಾರದು, ಒಂದು ಹನಿ ಬೀಳಬಾರದು" ಎಂದಳು.

"ಅಂದ್ರೆ ನಾವೇ ರಿಪೇರಿ ಮಾಡೋದಾ?" ಪ್ಲಂಬರನಿಗೆ ಆಘಾತವಾಯಿತು. "ಅಕ್ಕ, ಇದು ನಮ್ಮ ಧರ್ಮ ಅಲ್ಲ."

"ನಿನ್ನ ಧರ್ಮ ಬಕೆಟ್ಟಲ್ಲಿದೆ. ಪಾನಾ ತಗೊಂಡು ಬಾ."

ಆ ವಾರ ಕಟ್ಟಡ ಎಂದೂ ಕಾಣದ್ದನ್ನು ಕಂಡಿತು. ಪ್ಲಂಬರ್ ಪೈಪಿನ ಕೀಲು ಬಿಚ್ಚಿ ಹೊಸ ವಾಷರ್ ಹಾಕಿದ; ಎಷ್ಟೋ ವರ್ಷ ಹನಿ ಎಣಿಸಿದ ಬಕೆಟ್ಟು ನಿವೃತ್ತಿಯಾಯಿತು. ನರ್ಸಿನ ಅಣ್ಣ ವೆಲ್ಡಿಂಗಿನವನು, ಕೈಗಂಬಿಯನ್ನು ಬಿಗಿದು ಬೆಸೆದ. ಗೇಟಿಗೆ ಎಣ್ಣೆ ಬಿತ್ತು. ಮೂರನೇ ಮಹಡಿಯ ಹಾಸುಗಲ್ಲನ್ನು ಎಬ್ಬಿಸಿ ಸಿಮೆಂಟು ಹಾಕಿ ಕೂರಿಸಿದ್ದು ಸ್ವತಃ ಫೋನಕ್ಕ. ಕೊನೆಗೆ ಮೆಟ್ಟಿಲ ಗೋಡೆಗೆ ಎಲ್ಲರೂ ಸೇರಿ ತಿಳಿ ಹಸಿರು ಬಣ್ಣ ಬಳಿದರು. ಎಲ್ಲರ ತಲೆಯೂ ಹಸಿರಾಯಿತು. ವರ್ಷಗಳಿಂದ ಮುಖ ನೋಡದ ಎರಡು ಮನೆಯವರು ಒಂದೇ ಡಬ್ಬಕ್ಕೆ ಬ್ರಶ್ ಅದ್ದಿದರು. ಕೆಡವುತ್ತಾರೆಂದ ಮೇಲೆ ಅದು ಮೊದಲ ಬಾರಿಗೆ ಮನೆಯಂತೆ ಕಂಡಿತು.

ಡ್ರೈವರ್ ಅಷ್ಟು ದಿನವೂ ಒಳಗೇ ಇದ್ದ. "ಬಣ್ಣ ಹಸಿ ಇದೆ ರೀ, ಕೈ ಇಟ್ಟುಬಿಡ್ತೀರ" ಎಂದು ಅವಳು ಬಾಗಿಲಿಗೆ ಚಿಲಕ ಹಾಕಿಸಿದ್ದಳು. ಬಡಿತದ ಸದ್ದು ಕೇಳಿ, "ಏನೇ ಅದು, ಬಸ್ಸನ್ನ ವರ್ಕ್‌ಶಾಪಿಗೆ ಹಾಕಿದ್ರಾ?" ಎಂದು ಅವನೂ ನಕ್ಕ. ರೇಡಿಯೋ ಜೋರು ಮಾಡಿಕೊಂಡ. ಅವನಿಗೂ ಹೊಳೆಯಲಿಲ್ಲ. ತಾನು ಕೂಗುತ್ತಿದ್ದದ್ದು ತಮಾಷೆಗೆ ಎಂದೇ ಅವನೂ ತಿಳಿದಿದ್ದ.

ಸಮಿತಿ ಬೆಳಿಗ್ಗೆಯೇ ಬಂತು. ಅಧ್ಯಕ್ಷರು, ಒಬ್ಬ ಎಂಜಿನಿಯರ್, ಜೊತೆಗೆ ವಾರ್ಡಿನ ಸದಸ್ಯೆ. ಗೇಟು ಸದ್ದಿಲ್ಲದೆ ತೆರೆಯಿತು. ಎಂಜಿನಿಯರ್ ಕೈಗಂಬಿ ಹಿಡಿದು ಅಲುಗಿಸಿ ನೋಡಿದ, ಅದು ಅಲುಗಲಿಲ್ಲ. ಪೈಪಿನ ಮೇಲೆ ಬೆರಳಾಡಿಸಿದ, ಬೆರಳು ಒದ್ದೆಯಾಗಲಿಲ್ಲ.

"ಅಷ್ಟೊಂದು ದೂರು ಬಂದಿದ್ದು ಈ ಕಟ್ಟಡದ ಮೇಲೇನಾ?" ಎಂದ. ಸದಸ್ಯೆಯ ಮುಖ ಸಣ್ಣದಾಯಿತು.

"ದೂರು ಹೇಳಿದ್ದು ನಾನೇ ಸರ್" ಎಂದಳು ಫೋನಕ್ಕ. "ಬಾಯಿ ಚಪಲ. ಇಲ್ಲಿ ನಮಗೆ ಏನೇನೂ ಕಡಿಮೆ ಇಲ್ಲ."

ಅಧ್ಯಕ್ಷರು ವಯಸ್ಸಾದವರು, ಮೃದು ಮಾತಿನವರು. "ನೋಡೋಣಮ್ಮ. ಜನ ಇರಕ್ಕೆ ಆಗುತ್ತೆ ಅಂದ್ರೆ ಕೆಡವೋ ಹಠ ನಮಗೇನಿಲ್ಲ" ಎಂದರು. ಪ್ಲಂಬರ್ ಹಿಂದಿನಿಂದ ಅವಳ ಬೆನ್ನಿಗೆ ಸಣ್ಣಗೆ ತಿವಿದ: ಸಾಕು, ನಿಲ್ಲಿಸು.

ಅವಳು ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ಆದರೆ ಬೆಟ್ಟ ಕೇಳಿ ರೂಢಿಯಾದ ಬಾಯಿ ಗುಡ್ಡಕ್ಕೆ ಒಗ್ಗುವುದು ಕಷ್ಟ.

"ಒಂದು ನಿಮಿಷ ಸರ್. ನಮ್ಮ ಯಜಮಾನ್ರಿಗೆ ಎರಡು ಕಣ್ಣೂ ಕಾಣಲ್ಲ. ಮೂರನೇ ಮಹಡಿ. ಕೋಲಿಲ್ಲ, ಯಾರ ಕೈನೂ ಇಲ್ಲ. ಒಬ್ಬರೇ ಹೇಗೆ ಇಳಿದು ಬರ್ತಾರೆ ನೀವೇ ನೋಡಿ. ಇದಕ್ಕಿಂತ ಸಾಕ್ಷಿ ಬೇಕಾ?" ಎಂದವಳೇ ಮೆಟ್ಟಿಲ ಬುಡದಲ್ಲಿ ನಿಂತು, ಎಕ್ಸ್‌ಚೇಂಜಿನ ದನಿಯಲ್ಲಿ ಕೂಗಿದಳು: "ರೀ! ಬೆಂಚಿಗೆ ಬರ್ರೀ!"

ಮೇಲೆ ಚಿಲಕ ತೆಗೆದ ಸದ್ದು. ಚಪ್ಪಲಿಯ ಸದ್ದು. ಎಲ್ಲರೂ ಕತ್ತೆತ್ತಿ ನಿಂತರು. ಹಾಸುಗಲ್ಲು 'ಕಟಕ್' ಅನ್ನಲಿಲ್ಲ. ಚಪ್ಪಲಿ ನಿಂತಿತು. ಮತ್ತೆ ಎರಡು ಹೆಜ್ಜೆ, ಮತ್ತೆ ನಿಂತಿತು. "ಮನೆ ಸ್ಟಾಪ್" ಎಂದು ಅವನು ಅಂದದ್ದು ಕೇಳಿಸಿತು. ಕೂಗಿದಂತಲ್ಲ, ಯಾರನ್ನೋ ವಿಚಾರಿಸಿದಂತೆ.

ಫೋನಕ್ಕನಿಗೆ ಆಗ ಗೊತ್ತಾಯಿತು. ಒಂದೊಂದಾಗಿ ಅಲ್ಲ, ಕಲ್ಲು, ಗಂಬಿ, ಬಕೆಟ್ಟು, ಗೇಟು, ಎಲ್ಲ ಒಟ್ಟಿಗೆ.

"ಅಲ್ಲೇ ನಿಲ್ರೀ" ಎನ್ನಲು ಬಾಯಿ ತೆಗೆದಳು. ಜೀವಮಾನವಿಡೀ ಎಂದೂ ಕೈಕೊಡದ ದನಿ ಆಗ ಕೈಕೊಟ್ಟಿತು.

ಅವನು ಇಳಿಯುತ್ತಿದ್ದ. ಗಂಬಿಯ ಮೇಲೆ ಅವನ ಬೆರಳುಗಳು ಕಂಡವು. ಎಲ್ಲಾದರೂ ಅಲುಗೀತೆಂದು ಅದನ್ನು ಹಿಂಡಿ ಹಿಂಡಿ ನೋಡುತ್ತಿದ್ದವು. ಅದು ಎಲ್ಲಿಯೂ ಅಲುಗಲಿಲ್ಲ. ಎರಡನೇ ಮಹಡಿಯ ತಿರುವಿಗೆ ಬಂದು ಕಿವಿಗೊಟ್ಟು ನಿಂತ. ಹನಿಯ ಸದ್ದಿಲ್ಲ. ಬಣ್ಣದ ಘಾಟು. ಗೋಡೆ ಮುಟ್ಟಿದ, ಸಿಪ್ಪೆಸಿಪ್ಪೆಯಾಗಿದ್ದ ಗೋಡೆಯ ಬದಲು ಯಾವುದೋ ನುಣುಪಾದ ಗೋಡೆ. ತಿರುಗಿ ಮೇಲೆ ಹತ್ತಿದ. ಮತ್ತೆ ಇಳಿದ.

"ಲೇ" ಎಂದ. "ಜಲಪಾತ ಎಲ್ಲಿ ಹೋಯ್ತೇ? ನಾನು ಯಾರ ಮನೇಲಿದ್ದೀನಿ?"

ತಿರುವಿನ ಸಮನೆಲ ಇನ್ನೂ ಇದೆಯೆಂದು ಇಟ್ಟ ಹೆಜ್ಜೆ ಕೆಳಗಿನ ಮೆಟ್ಟಿಲ ಮೇಲೆ ಬಿತ್ತು. ಎರಡು ಮೆಟ್ಟಿಲು ಜಾರಿ ಕೂತ. ದೊಡ್ಡ ಪೆಟ್ಟೇನಲ್ಲ, ಮೊಣಕಾಲಿನ ಚರ್ಮ ತರಚಿತ್ತು ಅಷ್ಟೇ. ಆದರೆ ಅವನು ಏಳಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ.

ಎಲ್ಲರಿಗಿಂತ ಮೊದಲು ಮೇಲೆ ಓಡಿದವರು ಅಧ್ಯಕ್ಷರು. ಅವನ ಪಕ್ಕ ಮೆಟ್ಟಿಲ ಮೇಲೇ ಕೂತು ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ನೀರಿತ್ತು; ಸುಳ್ಳು ನೀರಲ್ಲ. "ಇಂಥವರನ್ನ ಇಂಥ ಮೆಟ್ಟಿಲ ಮೇಲೆ ಬಿಟ್ಟಿದ್ದೀವಲ್ರಿ ನಾವು" ಎಂದರು ಎಂಜಿನಿಯರಿಗೆ. "ಲಿಫ್ಟ್ ಇಲ್ಲ, ಏನಿಲ್ಲ."

"ಇಲ್ಲ ಸರ್, ಅವರು ದಿನಾ ಇಳೀತಾರೆ" ಎಂದಳು ಫೋನಕ್ಕ ಏದುಸಿರು ಬಿಡುತ್ತ. "ಇವತ್ತೇ ಹೀಗಾಗಿದ್ದು. ಪೈಪು ಸೋರ್ತಿತ್ತು, ಅದರ ಸದ್ದು ಹಿಡ್ಕೊಂಡು ಬರ್ತಿದ್ರು. ಗಂಬಿ ಅಲ್ಲಾಡ್ತಿತ್ತು, ಕಲ್ಲು ಕಟಕ್ ಅಂತಿತ್ತು. ನಾವು ಎಲ್ಲಾನೂ ಸರಿಮಾಡಿ ಕೆಡಿಸಿಬಿಟ್ವಿ ಸರ್. ಕೆಟ್ಟಿದ್ದಾಗಲೇ ಸರಿಯಾಗಿತ್ತು."

ಎಂಜಿನಿಯರ್ ಅವಳನ್ನು ನೋಡಿದ. "ಅಂದ್ರೆ ಪೈಪು ಸೋರ್ತಾ, ಗಂಬಿ ಅಲ್ಲಾಡ್ತಾ ಇದ್ರೇನೇ ಕುರುಡರಿಗೆ ಕ್ಷೇಮ ಅಂತೀರಾ?"

"ಹೌದು" ಎಂದಳು.

ಅವಳು ನಗರಸಭೆಗೆ ಒಂದಕ್ಕೆ ಹತ್ತು ಸೇರಿಸದೆ ಹೇಳಿದ ಮೊದಲ ಮಾತು ಅದು. ಅಧ್ಯಕ್ಷರು ಅವಳ ಕೈಯನ್ನೂ ಹಿಡಿದುಕೊಂಡರು. "ಗಾಬರಿ ಆಗಿದೀರಮ್ಮ. ಸ್ವಲ್ಪ ನೀರು ಕುಡೀರಿ" ಎಂದರು.

ಮತಕ್ಕೆ ಹಾಕಿದಾಗ ಒಬ್ಬರೂ ವಿರೋಧಿಸಲಿಲ್ಲವಂತೆ. ಬೇಡವಾದ ಕಟ್ಟಡ ಎಂಬ ಕಾರಣ ಹಿಂದೆ ಬಿತ್ತು. ವೃದ್ಧರ ಮತ್ತು ಅಶಕ್ತರ ಸುರಕ್ಷತೆ ಎಂಬುದು ಮುಂದೆ ಬಂತು. ಅಧ್ಯಕ್ಷರು ಸ್ವತಃ ಮುತುವರ್ಜಿ ವಹಿಸಿ, ಡ್ರೈವರ್ ದಂಪತಿಗೆ ಎಲ್ಲರಿಗಿಂತ ಮೊದಲು ಹೊಸ ಮನೆ ಸಿಗುವಂತೆ ಮಾಡಿದರು.

ಹೊರಡುವ ಮುಂಚಿನ ದಿನಗಳಲ್ಲಿ ಫೋನಕ್ಕ ಪ್ಲಂಬರನ ಬಾಗಿಲಿಗೆ ಹೋದಳು. ಅವನು ಏನೂ ಕೇಳದೆ ಪಾನಾ ತಂದು ಕೀಲು ಸಡಿಲಿಸಿದ. ಒಮ್ಮೆ ನೀರು ಜೋರಾಗಿ ಚಿಮ್ಮಿತು, ಒಮ್ಮೆ ಗೋಡೆಗುಂಟ ಸದ್ದಿಲ್ಲದೆ ಇಳಿಯಿತು. ಬಕೆಟ್ಟು ಅತ್ತ ಸರಿಸಿ ನೋಡಿದ, ಇತ್ತ ಸರಿಸಿ ನೋಡಿದ.

"ಆಗಲ್ಲಕ್ಕ" ಎಂದ ಕೊನೆಗೆ, ಪಾನಾ ಕೆಳಗಿಟ್ಟು. "ಸೋರೋದನ್ನ ನಿಲ್ಲಿಸಕ್ಕೆ ನಂಗೆ ಬರುತ್ತೆ. ಆ ಹಳೇ ಸೋರಿಕೆ ತಾನಾಗೇ ಹುಟ್ಟಿದ್ದು. ಅದನ್ನ ಮಾಡಕ್ಕೆ ಬರಲ್ಲ."

ಡ್ರೈವರ್ ಆಮೇಲೆ ಬೆಂಚಿಗೆ ಹೋಗಲೇ ಇಲ್ಲ. ಅವಳು ಕೈ ಹಿಡಿಯುತ್ತೇನೆಂದರೂ, "ಇವತ್ತು ಬೇಡ ಬಿಡೇ" ಎಂದ. ಮೆಟ್ಟಿಲಿಳಿದದ್ದು ಸಾಮಾನಿನ ಲಾರಿ ಬಂದ ದಿನ ಮಾತ್ರ, ಅವಳ ಮೊಣಕೈ ಹಿಡಿದು. ಎರಡನೇ ಮಹಡಿಯ ತಿರುವಿನಲ್ಲಿ ಪ್ಲಂಬರನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬಸ್ಸು ಲೇಟೆಂದು ಕೂಗಲು ಅವಳಿಗೂ ಬಾಯಿ ಬರಲಿಲ್ಲ.

ಹೊಸ ಮನೆ ಏಳನೇ ಮಹಡಿಯಲ್ಲಿತ್ತು. ಗೋಡೆಗಳು ನುಣುಪು, ಬಾಗಿಲುಗಳು ಬೆಣ್ಣೆಯಂತೆ ಮುಚ್ಚುತ್ತಿದ್ದವು. ಲಿಫ್ಟಿನ ಗುಂಡಿಗಳು ಗಾಜಿನ ಒಂದೇ ಹಲಗೆಯಲ್ಲಿದ್ದವು. ಬೆರಳಿಗೆ ಎಲ್ಲ ಮಹಡಿಯೂ ಒಂದೇ. ದೂರಿನ ಫೋನಿನ ಹುಡುಗಿ ತಾನಾಗಿ ಕರೆ ಮಾಡಿ, "ಅಮ್ಮಾ, ಅಲ್ಲೆಲ್ಲ ಸರಿ ಇದೆಯಾ?" ಎಂದು ಕೇಳಿದಳು. ಫೋನಕ್ಕ ನಲ್ಲಿ, ಗೋಡೆ, ಬಲ್ಬು ಎಲ್ಲ ಒಮ್ಮೆ ನೋಡಿದಳು. "ಎಲ್ಲಾ ಸರಿ ಇದೆ" ಎಂದಳು. ಹುಡುಗಿಗೆ ತಪ್ಪು ನಂಬರಿಗೆ ಮಾಡಿದೆನೇನೋ ಅನಿಸಿರಬೇಕು.

ಗಂಡ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ಕೈಗಳು ತೊಡೆಯ ಮೇಲಿದ್ದವು. ಚಹಾದ ಡಬ್ಬಿಯನ್ನು ಹಳೆಯ ಜಾಗದಂಥ ಜಾಗದಲ್ಲೇ ಇಟ್ಟು ತೋರಿಸಿದ್ದಳು, ಅವನು ಮುಟ್ಟಿರಲಿಲ್ಲ. ಅವಳು ಅಡುಗೆಮನೆಗೆ ಹೋಗಿ, ಸಿಂಕಿನಲ್ಲಿ ಪಾತ್ರೆಯೊಂದನ್ನು ಬೋರಲಿಟ್ಟು, ನಲ್ಲಿಯನ್ನು ಎಷ್ಟು ಬೇಕೋ ಅಷ್ಟೇ ತಿರುಗಿಸಿದಳು. ಒಂದು ಹನಿ ಬಿತ್ತು. ಸ್ವಲ್ಪ ತಡೆದು ಇನ್ನೊಂದು. ಸದ್ದು ಚೆನ್ನಾಗಿಯೇ ಇತ್ತು. ಬಾಗಿಲ ಬಳಿ ನಿಂತು ಅವನ ಮುಖ ನೋಡಿದಳು.

ಅವನ ಕತ್ತು ಸದ್ದಿನ ಕಡೆ ತಿರುಗಿತು. ಕಿವಿಗೊಟ್ಟ. ತುಟಿ ಅಲುಗಿತು.

"ಲೇ" ಎಂದ, ದನಿ ತಗ್ಗಿಸಿ. "ನಲ್ಲಿ ಸರಿಯಾಗಿ ಮುಚ್ಚೇ. ಇವರ ಮನೇಲಿ ನೀರು ದಂಡ ಮಾಡಬಾರದು."

ಅವಳು ಹೋಗಿ ನಲ್ಲಿ ತಿರುಗಿಸಿದಳು. ಹೊಸ ನಲ್ಲಿ, ಅರ್ಧ ಸುತ್ತಿಗೇ ಮುಚ್ಚಿಕೊಂಡಿತು.